ಭಾನುವಾರ ಬನ್ನಿ ಸಾರ್!

ನನ್ನ ತಲೆಯೊಳಗೆ ಒಬ್ಬರು ಕನ್ನಡ ಮೇಷ್ಟ್ರು ಕೂತಿದ್ದಾರೆ, ಕೆಂಪು ಇಂಕಿನ ಪೆನ್ನು ಹಿಡಿದು. ಏಳನೇ ಕ್ಲಾಸಿನಲ್ಲಿ 'ನಮ್ಮ ಮನೆಯ ಹಸು' ಅನ್ನೋ ಪ್ರಬಂಧದ ಉದ್ದಕ್ಕೂ ನಾನು 'ಅಸು' ಅಂತ ಬರೆದಿದ್ದೆ. ಮಂಡ್ಯ ಕಡೆಯವನು, ಬಾಯಿಗೆ ಬಂದದ್ದೇ ಕೈಗೂ ಬಂತು. "ಅಸು ಅಂದ್ರೆ ಪ್ರಾಣ ಕಣೋ, ನಿಮ್ಮನೇಲಿ ಪ್ರಾಣಕ್ಕೆ ಹಿಂಡಿ ಹಾಕ್ತೀರೇನೋ?" ಅಂದರು. ಇಡೀ ಕ್ಲಾಸು ಹೊಟ್ಟೆ ಹಿಡ್ಕೊಂಡು ನಕ್ಕಿತು. ಮೇಷ್ಟ್ರು ಕೆಟ್ಟವರೇನಲ್ಲ ಬಿಡಿ, ಆದರೆ ಆ ನಗು ಮಾತ್ರ ಹೋಗಲಿಲ್ಲ.

ನಾನು ಇಂಗ್ಲೆಂಡಿಗೆ ಬಂದಾಗ ಅವರೂ ಜೊತೆಗೇ ಬಂದುಬಿಟ್ಟರು, ವೀಸಾ ಗೀಸಾ ಏನೂ ಇಲ್ಲದೆ! ನಾನೊಂದು ಸಾಲು ಟೈಪ್ ಮಾಡೋದು, ಅವರು ಕೆಮ್ಮೋದು, ನಾನು ಅಳಿಸೋದು... ಹೋದ ವರ್ಷ ಅವ್ವ ತೀರಿಕೊಂಡಳು. ಅವಳ ಬಗ್ಗೆ ನಾಲ್ಕು ಮಾತು ಬರೆಯೋಣ ಅಂತ ಕೂತರೆ ಮೂರು ತಿಂಗಳಾದರೂ ಉಳಿದದ್ದು ಬರೀ ತಲೆಬರಹ. ಕೊನೆಗೆ ಅದನ್ನೂ ಅಳಿಸಿದೆ.

ನಮ್ಮ ಬೀದಿ ಮೂಲೆಯಲ್ಲಿ ಒಂದು ಕೆಂಪು ಅಂಚೆಪೆಟ್ಟಿಗೆ ಇದೆ. ಇಂಥ ಪೆಟ್ಟಿಗೆಗಳನ್ನು ಬೀದಿಯಲ್ಲಿ ನಿಲ್ಲಿಸಿ ಅಂತ ಸಲಹೆ ಕೊಟ್ಟು, 1852ರಲ್ಲಿ ಜೆರ್ಸಿ ದ್ವೀಪದಲ್ಲಿ ಮೊದಲು ಹಾಕಿಸಿದವನು ಆಂಟನಿ ಟ್ರೋಲಪ್ ಅನ್ನೋ ಅಂಚೆ ಇಲಾಖೆಯ ನೌಕರ. ಬೆಳಗ್ಗೆ ಐದೂವರೆಗೆ ಮೇಜಿನ ಮುಂದೆ ಕೂತು, ಗಡಿಯಾರ ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದದ ಲೆಕ್ಕದಲ್ಲಿ ಬರೆಯುತ್ತಿದ್ದ ಪುಣ್ಯಾತ್ಮ. ಒಟ್ಟು 47 ಕಾದಂಬರಿ! ಎಬ್ಬಿಸಿ ಕಾಫಿ ತಂದುಕೊಡೋಕೆ ಆಳಿಗೆ ವರ್ಷಕ್ಕೆ 5 ಪೌಂಡ್ ಹೆಚ್ಚಿಗೆ ಕೊಡ್ತಿದ್ದನಂತೆ.

ನನಗೆ ಆಳೂ ಇಲ್ಲ, 250 ಪದವೂ ಬರಲ್ಲ. ಕಾಲು ಗಂಟೆಯನ್ನು ಮಾತ್ರ ಅವನಿಂದ ಸಾಲ ತಗೊಂಡೆ. ಇನ್ನೊಂದು ಉಪಾಯ ಸಿಕ್ಕಿದ್ದು ಪೀಟರ್ ಎಲ್ಬೋ ಅನ್ನೋ ಅಮೆರಿಕದ ಮೇಷ್ಟ್ರ 1973ರ ಪುಸ್ತಕದಲ್ಲಿ. ಹತ್ತು ನಿಮಿಷ ಕೈ ನಿಲ್ಲಿಸಬೇಡಿ, ತಿದ್ದಬೇಡಿ, ಏನೂ ತೋಚದಿದ್ದರೆ ಹಾಗಂತಲೇ ಬರೆಯಿರಿ ಅಂತಾರೆ ಅವರು. ಬರೆಯೋದು ಒಂದು ಕೆಲಸ, ತಿದ್ದೋದು ಇನ್ನೊಂದು. ಹಿಟ್ಟು ರುಬ್ಬುತ್ತಾ ರುಬ್ಬುತ್ತಲೇ ದೋಸೆ ಹುಯ್ಯೋಕಾಗುತ್ತಾ, ನೀವೇ ಹೇಳಿ?

ಕಂಪ್ಯೂಟರ್ ಬಿಟ್ಟು ನೋಟ್‌ಬುಕ್ಕು, ಬಾಲ್‌ಪೆನ್ನು ಹಿಡಿದೆ. ಅದರಲ್ಲಿ ಅಳಿಸೋ ಕೀಲಿ ಇಲ್ಲವಲ್ಲ. ಮೊದಲ ವಾರವೆಲ್ಲ 'ಏನೂ ತೋಚ್ತಿಲ್ಲ, ಹೊರಗೆ ಮಳೆ' ಅಂತಲೇ ತುಂಬಿದೆ. ಮೇಷ್ಟ್ರು ಕೆಮ್ಮಿದಾಗಲೆಲ್ಲ "ಭಾನುವಾರ ಬನ್ನಿ ಸಾರ್" ಅಂದೆ. ಪೂರ್ತಿ ಓಡಿಸಿಬಿಡೋಕೆ ನನಗೆ ಮನಸ್ಸಿಲ್ಲ. ಅವರಿಲ್ಲದಿದ್ದರೆ ಈ ಬರಹದಲ್ಲಿ ಇನ್ನೆಷ್ಟು ತಪ್ಪು ಇರುತ್ತಿತ್ತೋ! ನಡುವೆ ನಾಲ್ಕು ದಿನ ತಪ್ಪಿದ್ದೂ ಉಂಟು. ಜ್ವರ ಅಂತ ನೆವ, ನಿಜ ಹೇಳಬೇಕೆಂದರೆ ಸೋಮಾರಿತನ.

ಐದನೇ ವಾರ ಒಂದು ಬೆಳಗ್ಗೆ, ಕೈ ಸುಮ್ಮನೆ ಓಡ್ತಾ ಇದ್ದಾಗ, ಅವ್ವ ಬಂದಳು. ಕೊಟ್ಟಿಗೆ, ಗಂಜಲದ ವಾಸನೆ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಕೂಗೋದು: "ಅಸೂಗೆ ಉಲ್ಲಾಕ್ಬುಟ್ಟು ಬಾ ಮಗ." ನಿಲ್ಲಿಸಿದಾಗ ಎರಡು ಪುಟ ತುಂಬಿತ್ತು, ಟೀ ಆರಿಹೋಗಿತ್ತು.

ಭಾನುವಾರ ಮೇಷ್ಟ್ರು ಬಂದರು. ಮಹಾಪ್ರಾಣಗಳನ್ನು ತಿದ್ದಿದರು, ಒಂದು ಉದ್ದನೆಯ ವಾಕ್ಯವನ್ನು ಎರಡು ಮಾಡಿದರು. ಎಲ್ಲ ಸರಿಯೇ. ಅವ್ವನ ಮಾತಿನ ಹತ್ತಿರ ಕೆಂಪು ಪೆನ್ನು ಬಂದಾಗ ಮಾತ್ರ ಕೈ ಹಿಡಿದುಕೊಂಡೆ.

'ಅಸು' ಹಾಗೇ ಇದೆ.