ವೈದ್ಯಸಹಾಯಕರ ಮೇರೆ ಮತ್ತು ಮರ್ಯಾದೆ

ನಮ್ಮ ಪರಿಚಯದ ಒಕ್ಕಲು ಮನೆತನವೊಂದರ ಹೆಣ್ಣುಮಗಳು ಪಿ.ಯು.ಸಿ. ತರುವಾಯ ನಾಲ್ಕು ವರ್ಷ ಓದಿ, ಈಗ ಪಟ್ಟಣದ ದೊಡ್ಡ ಆಸ್ಪತ್ರೆಯೊಂದರ ಹೃದಯರೋಗ ವಿಭಾಗದಲ್ಲಿ ವೈದ್ಯಸಹಾಯಕಿಯಾಗಿ ಸೇವೆ ಸಲ್ಲಿಸುತ್ತಿದ್ದಾಳೆ. ಹಬ್ಬಕ್ಕೆಂದು ಆಕೆ ಊರಿಗೆ ಬಂದಾಗ ಓಣಿಯ ಹಿರಿಯರು ‘ಡಾಕ್ಟರಮ್ಮ ಬಂದಳು’ ಎಂದು ಹರ್ಷಪಟ್ಟು, ತಮ್ಮ ತಮ್ಮ ಔಷಧದ ಚೀಟಿಗಳನ್ನು ಹಿಡಿದುಕೊಂಡು ಜಗಲಿಗೆ ಬಂದು ಕುಳಿತರು. ಆಕೆ ಅವರನ್ನೆಲ್ಲ ಸಮಾಧಾನದಿಂದ ಮಾತನಾಡಿಸಿ ಕಳುಹಿಸಿದ ಮೇಲೆ ನಮ್ಮೆದುರಿಗೆ ಹೇಳಿದ ಮಾತು ಮರೆಯುವಂತಹದಲ್ಲ. “ಅಜ್ಜಾರೇ, ನಾನು ಡಾಕ್ಟರಲ್ಲ. ಹಾಗೆ ಕರೆಯಬೇಡಿರೆಂದು ನೀವಾದರೂ ಅವರಿಗೆ ಹೇಳಿರಿ. ಎಲ್ಲರೂ ಹಾಗೆಯೇ ಕರೆಯುತ್ತ ಹೋದರೆ ಒಂದು ದಿನ ನಾನೇ ಅದನ್ನು ನಂಬಿಬಿಟ್ಟೇನು.”

ಈ ಮಾತಿನಲ್ಲಿ ಇಂದಿನ ಆರೋಗ್ಯ ವ್ಯವಸ್ಥೆಯ ಒಂದು ಗಂಭೀರವಾದ ಪ್ರಶ್ನೆ ಅಡಗಿದೆ. ದೊಡ್ಡ ಆಸ್ಪತ್ರೆಗಳಲ್ಲಿ ಬಿಳಿಯ ಅಂಗಿ ತೊಟ್ಟು, ಕೊರಳಲ್ಲಿ ಸ್ಟೆಥಾಸ್ಕೋಪ್ ಹಾಕಿಕೊಂಡು ರೋಗಿಯ ಹಾಸಿಗೆಯ ಬಳಿಗೆ ಮೊದಲು ಬರುವವರು ಎಲ್ಲರೂ ವೈದ್ಯರೇ ಆಗಿರುವುದಿಲ್ಲ. ಅವರಲ್ಲಿ ಹಲವರು ಫಿಜಿಷಿಯನ್ ಅಸಿಸ್ಟೆಂಟ್ ಅಥವಾ ಫಿಜಿಷಿಯನ್ ಅಸೋಸಿಯೇಟ್ ಎಂದು ಕರೆಯಿಸಿಕೊಳ್ಳುವ ವೈದ್ಯಸಹಾಯಕರು. ರೋಗದ ಪೂರ್ವವೃತ್ತಾಂತವನ್ನು ಕೇಳಿ ಬರೆದುಕೊಳ್ಳುವುದು, ಪ್ರಾಥಮಿಕ ಪರೀಕ್ಷೆ ನಡೆಸುವುದು, ಶಸ್ತ್ರಕ್ರಿಯೆಯಲ್ಲಿ ನೆರವಾಗುವುದು, ಮನೆಗೆ ಹೋಗುವಾಗಿನ ಸಾರಾಂಶ ಪತ್ರವನ್ನು ಸಿದ್ಧಪಡಿಸುವುದು ಇವೆಲ್ಲ ವೈದ್ಯರ ಮೇಲ್ವಿಚಾರಣೆಯಲ್ಲಿ ಅವರು ಮಾಡುವ ಕಾರ್ಯಗಳು. ಅವರ ಸೇವೆ ನಮಗೆ ಅವಶ್ಯವಾಗಿದೆ. ಆದರೆ ಅವರು ಎಷ್ಟು ಕಲಿತಿರಬೇಕು, ಏನನ್ನು ಮಾಡಬಹುದು, ಎಲ್ಲಿ ನಿಲ್ಲಬೇಕು, ತಪ್ಪಿದರೆ ಯಾರಿಗೆ ಉತ್ತರ ಹೇಳಬೇಕು ಎಂಬುದು ಸ್ಪಷ್ಟವಾಗಿರದಿದ್ದರೆ ಆ ಸೇವೆಯೇ ಅಪಾಯಕ್ಕೆ ಎಡೆಯಾಗುತ್ತದೆ.

ನಮ್ಮ ಪ್ರಾಚೀನರಿಗೆ ಈ ವಿಚಾರ ಹೊಸತಾಗಿರಲಿಲ್ಲ. ಚಿಕಿತ್ಸೆಗೆ ವೈದ್ಯ, ಔಷಧ, ಉಪಸ್ಥಾತೃ, ರೋಗಿ ಎಂಬ ನಾಲ್ಕು ಪಾದಗಳುಂಟೆಂದು ಚರಕಸಂಹಿತೆಯ ಸೂತ್ರಸ್ಥಾನವು ತಿಳಿಸುತ್ತದೆ. ಉಪಸ್ಥಾತೃ ಎಂದರೆ ರೋಗಿಯ ಬಳಿ ನಿಂತು ನೋಡಿಕೊಳ್ಳುವವನು. ಉಪಚಾರದ ಅರಿವು, ದಕ್ಷತೆ, ಅನುರಾಗ, ಶುಚಿತ್ವ ಈ ನಾಲ್ಕು ಗುಣಗಳು ಅವನಲ್ಲಿರಬೇಕೆಂದು ಚರಕನು ವಿಧಿಸುತ್ತಾನೆ. ಆದರೂ ನಾಲ್ಕು ಪಾದಗಳಲ್ಲಿ ವೈದ್ಯನೇ ಪ್ರಧಾನನೆಂದು ಹೇಳಲು ಅವನು ಮರೆಯುವುದಿಲ್ಲ. ಏಕೆಂದರೆ ರೋಗವನ್ನು ಅರಿಯುವವನೂ, ಉಳಿದವರಿಗೆ ಆಜ್ಞೆ ಕೊಡುವವನೂ, ಎಲ್ಲವನ್ನೂ ಹೊಂದಿಸಿ ನಡೆಸುವವನೂ ಅವನೇ. ಸಹಾಯಕನಿಗೆ ಗೌರವದ ಸ್ಥಾನವಿದೆ; ಆದರೆ ಅದು ವೈದ್ಯನ ಸ್ಥಾನವಲ್ಲ.

ಆಧುನಿಕ ಕಾಲದಲ್ಲಿ ಈ ವೃತ್ತಿಗೆ ರೂಪ ಕೊಟ್ಟ ನಾಡು ಅಮೆರಿಕ. ಅಲ್ಲಿ ವೈದ್ಯರ ಕೊರತೆ ತೀವ್ರವಾಗಿದ್ದ ದಿನಗಳಲ್ಲಿ, ಡ್ಯೂಕ್ ವಿಶ್ವವಿದ್ಯಾಲಯದ ಡಾ. ಯೂಜೀನ್ ಸ್ಟೆಡ್ ಅವರು 1965ರಲ್ಲಿ ನಾಲ್ವರನ್ನು ಆರಿಸಿಕೊಂಡು ಎರಡು ವರ್ಷದ ಶಿಕ್ಷಣವನ್ನು ಆರಂಭಿಸಿದರು. ಆ ನಾಲ್ವರೂ ನೌಕಾಪಡೆಯಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿ ಅನುಭವ ಪಡೆದಿದ್ದವರು. ಅವರಲ್ಲಿ ಮೂವರು 1967ರಲ್ಲಿ ಶಿಕ್ಷಣ ಮುಗಿಸಿದರು. ಇಂದು ಅಲ್ಲಿ ಈ ವೃತ್ತಿಗೆ ಸ್ನಾತಕೋತ್ತರ ಮಟ್ಟದ ಶಿಕ್ಷಣವಿದೆ. ಅದರಲ್ಲಿ ಸಾಮಾನ್ಯವಾಗಿ 2,000 ಗಂಟೆಗಳಷ್ಟು ಅಭ್ಯಾಸ ರೋಗಿಗಳ ಬಳಿಯಲ್ಲಿಯೇ ನಡೆಯುತ್ತದೆ. ಕೊನೆಗೆ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಅಷ್ಟೇ ಅಲ್ಲ, ಪ್ರಮಾಣಪತ್ರವನ್ನು ಉಳಿಸಿಕೊಳ್ಳಲು ಪ್ರತಿ ಎರಡು ವರ್ಷಕ್ಕೆ 100 ಗಂಟೆಗಳ ಮುಂದುವರಿಕೆಯ ಶಿಕ್ಷಣವನ್ನೂ ಪಡೆಯಬೇಕು.

ನಮ್ಮ ದೇಶದಲ್ಲಿ ಇದರ ಹಿನ್ನೆಲೆ ಬೇರೆ. ಹಿಂದಿನ ತಲೆಮಾರಿನವರಿಗೆ ಎಲ್.ಎಂ.ಪಿ. ಡಾಕ್ಟರುಗಳ ನೆನಪಿರಬಹುದು. ಪದವಿಯಿಲ್ಲದಿದ್ದರೂ ಲೈಸೆನ್ಸ್ ಪಡೆದು ಸಣ್ಣ ಊರುಗಳಲ್ಲಿ ಚಿಕಿತ್ಸೆ ಕೊಡುತ್ತಿದ್ದವರು ಅವರು. 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿಯು ದೇಶಕ್ಕೆಲ್ಲ ಒಂದೇ ಮಟ್ಟದ ವೈದ್ಯರು ಸಾಕೆಂದು ಅಭಿಪ್ರಾಯಪಟ್ಟಿತು; ಆ ಶಿಕ್ಷಣಕ್ರಮವು ಕ್ರಮೇಣ ನಿಂತುಹೋಯಿತು. ಆ ಮೇಲೆ ಹಳ್ಳಿಗಳಲ್ಲಿ ಉಂಟಾದ ಕೊರತೆಯನ್ನು ಕಾಂಪೌಂಡರುಗಳೂ, ಯಾವ ವಿದ್ಯೆಯೂ ಇಲ್ಲದ ನಕಲಿ ವೈದ್ಯರೂ ತುಂಬಿದರೆಂಬುದು ಎಲ್ಲರೂ ಬಲ್ಲ ಸಂಗತಿ. ಇನ್ನೊಂದೆಡೆ, ಹೃದಯದ ಶಸ್ತ್ರಕ್ರಿಯೆಯಂತಹ ಸೂಕ್ಷ್ಮ ವಿಭಾಗಗಳಿಗೆ ನುರಿತ ಸಹಾಯಕರು ಬೇಕಾದಾಗ, 1992ರಲ್ಲಿ ಮದರಾಸಿನ ಮದ್ರಾಸ್ ಮೆಡಿಕಲ್ ಮಿಷನ್ ಸಂಸ್ಥೆಯಲ್ಲಿ ಡಾ. ಕೆ.ಎಂ. ಚೆರಿಯನ್ ಅವರ ನೇತೃತ್ವದಲ್ಲಿ ವೈದ್ಯಸಹಾಯಕರ ಶಿಕ್ಷಣ ಆರಂಭವಾಯಿತು. ತರುವಾಯ ಅದು ಕರ್ನಾಟಕವನ್ನೂ ಒಳಗೊಂಡು ಹಲವು ರಾಜ್ಯಗಳಿಗೆ ಹಬ್ಬಿತು. ಆದರೆ ಬಹುಕಾಲ ಇವರಿಗೆ ರಾಷ್ಟ್ರಮಟ್ಟದ ಮಂಡಳಿಯಾಗಲಿ, ನೋಂದಣಿ ಪುಸ್ತಕವಾಗಲಿ ಇರಲಿಲ್ಲ.

ನಿಯಂತ್ರಣ ತಡವಾದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ ದೇಶವು ಕಣ್ಣಿಗೆ ಕಟ್ಟುವ ನಿದರ್ಶನ. ಅಲ್ಲಿ 2000ದ ದಶಕದ ಆರಂಭದಿಂದಲೇ ವೈದ್ಯಸಹಾಯಕರು ಕೆಲಸ ಮಾಡುತ್ತಿದ್ದರೂ ಕಾನೂನಿನ ಬಲವಿಲ್ಲದ ಸ್ವಯಂಪ್ರೇರಿತ ಪಟ್ಟಿಯೊಂದೇ ಅವರಿಗಿತ್ತು. ಮೊದಲು ‘ಅಸಿಸ್ಟೆಂಟ್’ ಎಂದಿದ್ದ ಹೆಸರು ನಡುವೆ ‘ಅಸೋಸಿಯೇಟ್’ ಎಂದು ಬದಲಾಯಿತು. 2022ರಲ್ಲಿ ಮೂವತ್ತು ವರ್ಷದ ತರುಣಿಯೊಬ್ಬಳು ಕಾಲುನೋವು ಮತ್ತು ಉಸಿರಾಟದ ತೊಂದರೆಯಿಂದ ಚಿಕಿತ್ಸಾಲಯಕ್ಕೆ ಹೋದಳು. ಎರಡು ಬಾರಿಯೂ ಆಕೆಯನ್ನು ನೋಡಿದವರು ವೈದ್ಯಸಹಾಯಕರು. ತಾನು ಕಂಡದ್ದು ವೈದ್ಯರನ್ನೇ ಎಂದು ಆಕೆ ಭಾವಿಸಿದ್ದಳೆಂದು ಮನೆಯವರು ಹೇಳಿದರು. ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸೇರಿರುವುದು ಗುರುತಿಗೆ ಬರಲಿಲ್ಲ, ಆಕೆ ಮರಣಹೊಂದಿದಳು. ಈ ಪ್ರಕರಣವು ಆ ದೇಶವನ್ನು ಕಲಕಿತು. ಅಲ್ಲಿಯ ವೈದ್ಯರನ್ನು ನಿಯಂತ್ರಿಸುವ ಜನರಲ್ ಮೆಡಿಕಲ್ ಕೌನ್ಸಿಲ್ ಎಂಬ ಸಂಸ್ಥೆಯು ಇವರ ನಿಯಂತ್ರಣವನ್ನೂ ವಹಿಸಿಕೊಂಡದ್ದು 2024ರ ಡಿಸೆಂಬರ್ 13ರಂದು. 2025ರ ಜುಲೈನಲ್ಲಿ ಪ್ರೊಫೆಸರ್ ಜಿಲಿಯನ್ ಲೆಂಗ್ ಅವರ ವರದಿ ಪ್ರಕಟವಾಯಿತು. ಹೆಸರನ್ನು ಮತ್ತೆ ‘ಅಸಿಸ್ಟೆಂಟ್’ ಎಂದು ಬದಲಿಸಬೇಕು, ರೋಗ ನಿರ್ಣಯವಾಗದ ರೋಗಿಗಳನ್ನು ನಿಗದಿತ ಕ್ರಮಗಳ ಹೊರತು ಇವರು ನೋಡಬಾರದು, ಹೊಸದಾಗಿ ಕಲಿತು ಬಂದವರು ಮೊದಲು ಎರಡು ವರ್ಷ ಆಸ್ಪತ್ರೆಯಲ್ಲಿ ಅನುಭವ ಪಡೆಯಬೇಕು, ವೈದ್ಯರಿಂದ ಬೇರೆಯೆಂದು ಗುರುತಿಸುವ ಉಡುಪು ಮತ್ತು ಬಿಲ್ಲೆ ಇರಬೇಕು ಎಂಬವು ಅದರ ಮುಖ್ಯ ಸಲಹೆಗಳು. ಸರ್ಕಾರವು ಅವನ್ನು ಒಪ್ಪಿಕೊಂಡಿತು. ಈ ವೃತ್ತಿಯನ್ನೇ ತೆಗೆದುಹಾಕಬೇಕೆಂದು ಆ ವರದಿ ಹೇಳಲಿಲ್ಲವೆಂಬುದು ಗಮನಾರ್ಹ. ಅದಕ್ಕೆ ಮೇರೆ ಬೇಕೆಂದು ಹೇಳಿತು.

ನಮ್ಮಲ್ಲಿಯೂ ಇಂತಹುದೇ ಪಾಠವೊಂದು ಅಸ್ಸಾಮಿನಿಂದ ದೊರೆತಿದೆ. ಹಳ್ಳಿಗಳಲ್ಲಿ ವೈದ್ಯರಿಲ್ಲದ ಕಾರಣ ಆ ರಾಜ್ಯವು 2004ರಲ್ಲಿ ಕಾಯಿದೆ ಮಾಡಿ, ಮೂರು ವರ್ಷದ ಡಿಪ್ಲೊಮಾ ಪಡೆದವರು ಕೆಲವು ರೋಗಗಳಿಗೆ ಚಿಕಿತ್ಸೆ ಕೊಡಬಹುದೆಂದು ವಿಧಿಸಿತು. ಉದ್ದೇಶ ಒಳ್ಳೆಯದೇ. ಆದರೆ ವೈದ್ಯಶಿಕ್ಷಣದ ಮಟ್ಟವನ್ನು ನಿರ್ಧರಿಸುವ ಅಧಿಕಾರ ಸಂಸತ್ತಿನದು. ಆದ್ದರಿಂದ ಗುವಾಹಟಿಯ ಉಚ್ಚ ನ್ಯಾಯಾಲಯವು 2014ರಲ್ಲಿ ಆ ಕಾಯಿದೆಯನ್ನು ರದ್ದುಪಡಿಸಿತು; ಕನ್ನಡ ನಾಡಿನವರಾದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸರ್ವೋಚ್ಚ ನ್ಯಾಯಾಲಯದ ಪೀಠವು 2023ರ ಜನವರಿಯಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ಅವರನ್ನು ವೈದ್ಯರೆಂದಲ್ಲದೆ ಸಮುದಾಯ ಆರೋಗ್ಯ ಸೇವಕರಾಗಿ ನೇಮಿಸಿಕೊಳ್ಳಲು ಅವಕಾಶ ಕೊಟ್ಟ 2015ರ ಕಾಯಿದೆಯನ್ನು ನ್ಯಾಯಾಲಯ ಉಳಿಸಿತು. ಕಲಿತದ್ದು ವ್ಯರ್ಥವಾಗಲಿಲ್ಲ, ಕಲಿತಷ್ಟಕ್ಕೆ ತಕ್ಕ ಹೆಸರೂ ಕೆಲಸವೂ ದೊರೆತವು.

ಈಗ ಭಾರತಕ್ಕೆಲ್ಲ ಅನ್ವಯವಾಗುವ ಕಾನೂನು ಬಂದಿದೆ. 2021ರಲ್ಲಿ ಸಂಸತ್ತು ಸಂಬಂಧಿತ ಹಾಗೂ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಯನ್ನು ಅಂಗೀಕರಿಸಿತು. ವೃತ್ತಿಗಳನ್ನು ಹತ್ತು ವರ್ಗಗಳಾಗಿ ವಿಂಗಡಿಸಿ, ಅವುಗಳಲ್ಲಿ ಒಂದರಲ್ಲಿ ಫಿಜಿಷಿಯನ್ ಅಸೋಸಿಯೇಟರನ್ನು ಹೆಸರಿಸಿದೆ. ತಂತ್ರಜ್ಞರ ಬಗೆಯ ವೃತ್ತಿಗಳಿಗೆ ಎರಡರಿಂದ ನಾಲ್ಕು ವರ್ಷಗಳಲ್ಲಿ ಕನಿಷ್ಠ 2,000 ಗಂಟೆ, ಆರೋಗ್ಯ ವೃತ್ತಿಪರರ ಪದವಿಗೆ ಮೂರರಿಂದ ಆರು ವರ್ಷಗಳಲ್ಲಿ ಕನಿಷ್ಠ 3,600 ಗಂಟೆ ಶಿಕ್ಷಣವಿರಬೇಕೆಂದು ಗೊತ್ತುಪಡಿಸಿದೆ. ರಾಜ್ಯಕ್ಕೊಂದು ಮಂಡಳಿ, ರಾಜ್ಯದ ಮತ್ತು ಕೇಂದ್ರದ ನೋಂದಣಿ ಪುಸ್ತಕ ಇವು ಅದರ ಬೆನ್ನೆಲುಬು. ಕಾನೂನು ಬಂದಷ್ಟು ಬೇಗ ಕಾರ್ಯ ನಡೆಯಲಿಲ್ಲ. 2024ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವೇ ಎರಡು ತಿಂಗಳೊಳಗೆ ಇದನ್ನು ಜಾರಿಗೊಳಿಸಬೇಕೆಂದು ಕೇಂದ್ರಕ್ಕೂ ರಾಜ್ಯಗಳಿಗೂ ಆದೇಶಿಸಬೇಕಾಯಿತು. 2025ರಲ್ಲಿ ಹತ್ತು ವೃತ್ತಿಗಳಿಗೆ ಏಕರೂಪದ ಪಠ್ಯಕ್ರಮ ಹೊರಬಂದಿತು. ಅವುಗಳಲ್ಲಿ ವೈದ್ಯಸಹಾಯಕರದೂ ಒಂದು.

ಗಂಟೆಗಳ ಲೆಕ್ಕವೊಂದರಿಂದಲೇ ಯೋಗ್ಯತೆ ಬರುವುದಿಲ್ಲ. ಶಾಸ್ತ್ರವನ್ನು ಮಾತ್ರ ಓದಿ ಕರ್ಮವನ್ನು ಕಲಿಯದವನೂ, ಕರ್ಮವನ್ನು ಮಾತ್ರ ಬಲ್ಲ ಶಾಸ್ತ್ರಹೀನನೂ ಒಂದೇ ರೆಕ್ಕೆಯ ಹಕ್ಕಿಯಂತೆ ಎಂಬುದು ಸುಶ್ರುತನ ಅಭಿಪ್ರಾಯ. ಆಸ್ಪತ್ರೆಯೇ ಇಲ್ಲದ ಕಟ್ಟಡದಲ್ಲಿ ಕರಿಹಲಗೆಯ ಮೇಲೆ ಹೃದಯದ ಚಿತ್ರ ಬರೆದು ಕಲಿಸಿದರೆ, ಹಾಸಿಗೆಯ ಮೇಲಿನ ಜೀವಂತ ಹೃದಯದ ಮಾತು ವಿದ್ಯಾರ್ಥಿಗೆ ಕೇಳಿಸೀತೇ? ಅಯೋಗ್ಯ ವೈದ್ಯರು ನಾಡಿನಲ್ಲಿ ಸಂಚರಿಸುವುದು ಅರಸನ ದೋಷದಿಂದಲೇ ಎಂದು ಚರಕ, ಸುಶ್ರುತ ಇಬ್ಬರೂ ಎಚ್ಚರಿಸಿದ್ದಾರೆ. ಇಂದು ಅರಸರಿಲ್ಲ, ಆ ಹೊಣೆ ಸರ್ಕಾರದ ಮೇಲಿದೆ, ಸರ್ಕಾರವನ್ನು ಆರಿಸಿ ಕಳುಹಿಸುವ ನಮ್ಮ ಮೇಲೂ ಇದೆ.

ಆದ್ದರಿಂದ ಮಕ್ಕಳನ್ನು ಈ ಶಿಕ್ಷಣಕ್ಕೆ ಕಳುಹಿಸುವ ತಂದೆತಾಯಿಗಳಿಗೆ ಒಂದು ವಿನಂತಿ. ವೈದ್ಯಕೀಯ ಸೀಟು ದೊರೆಯದ ಬೇಸರದಲ್ಲಿ ‘ಇದೂ ಡಾಕ್ಟರಿಕೆಯೇ’ ಎನ್ನುವ ಮಧ್ಯವರ್ತಿಯ ಮಾತಿಗೆ ಮರುಳಾಗಿ ಹೊಲವನ್ನು ಒತ್ತೆಯಿಡಬೇಡಿರಿ. ವಿಶ್ವವಿದ್ಯಾಲಯಕ್ಕೆ ಮಾನ್ಯತೆಯಿದೆಯೇ, ಕಾಲೇಜಿಗೆ ಸೇರಿದ ಆಸ್ಪತ್ರೆಯಿದೆಯೇ, ಅಲ್ಲಿ ನಿಜವಾಗಿ ರೋಗಿಗಳಿದ್ದಾರೆಯೇ, ಪಾಠದ ನಂತರ ಪೂರ್ಣ ತರಬೇತಿ ಉಂಟೇ, ಹೊಸ ಪಠ್ಯಕ್ರಮವನ್ನು ಅನುಸರಿಸುತ್ತಾರೆಯೇ, ಪದವಿ ಪಡೆದವರ ಹೆಸರು ನೋಂದಣಿಗೆ ಅರ್ಹವಾಗುವುದೇ ಎಂಬುದನ್ನು ಸ್ವತಃ ಹೋಗಿ ನೋಡಿ, ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳಿರಿ. ಎಂ.ಬಿ.ಬಿ.ಎಸ್. ಶಿಕ್ಷಣಕ್ಕೆ ನಾಲ್ಕೂವರೆ ವರ್ಷ ಓದು, ಮೇಲೆ ಒಂದು ವರ್ಷದ ತರಬೇತಿಯಿದೆ. ವೈದ್ಯಸಹಾಯಕರ ಪದವಿ ಸಾಮಾನ್ಯವಾಗಿ ಮೂರು ವರ್ಷದ ಓದು, ಒಂದು ವರ್ಷದ ತರಬೇತಿ. ಒಂದು ಇನ್ನೊಂದರ ಅಡ್ಡದಾರಿಯಲ್ಲ. ಎರಡೂ ಬೇರೆ ಬೇರೆ ಕಾಯಕಗಳು.

ಆಸ್ಪತ್ರೆಗೆ ಹೋಗುವ ಕುಟುಂಬಗಳೂ ಸಂಕೋಚಪಡಬಾರದು. ಎದುರಿಗೆ ಬಂದವರನ್ನು “ತಮ್ಮ ಹೆಸರೇನು, ತಾವು ವೈದ್ಯರೋ ಸಹಾಯಕರೋ, ತಮ್ಮ ಮೇಲಿನ ವೈದ್ಯರು ಯಾರು?” ಎಂದು ವಿನಯದಿಂದ ಕೇಳಿರಿ. ರೋಗ ಯಾವುದೆಂದು ಇನ್ನೂ ತಿಳಿಯದಿದ್ದಾಗ, ಒಮ್ಮೆ ತೋರಿಸಿದ ಮೇಲೂ ನೋವು ಹೆಚ್ಚುತ್ತಿದ್ದಾಗ, ವೈದ್ಯರೇ ಬಂದು ನೋಡಬೇಕೆಂದು ಕೇಳುವುದು ಅವಿನಯವಲ್ಲ. ಯೋಗ್ಯನಾದ ಸಹಾಯಕನು ಇದರಿಂದ ನೊಂದುಕೊಳ್ಳುವುದಿಲ್ಲ. ಅವನೇ ಮೊದಲು ವೈದ್ಯರನ್ನು ಕರೆಯುತ್ತಾನೆ.

‘ಮರ್ಯಾದೆ’ ಎಂಬ ಶಬ್ದಕ್ಕೆ ನಾವು ಗೌರವವೆಂದು ಅರ್ಥ ಮಾಡುತ್ತೇವೆ. ಸಂಸ್ಕೃತದಲ್ಲಿ ಅದರ ಮೊದಲ ಅರ್ಥ ಮೇರೆ, ಎಲ್ಲೆ. ತನ್ನ ಎಲ್ಲೆಯನ್ನು ಅರಿತು ನಡೆಯುವವನಿಗೆ ಗೌರವವು ತಾನಾಗಿ ಬರುತ್ತದೆಂಬ ಅನುಭವದಿಂದ ಈ ಎರಡನೆಯ ಅರ್ಥ ಹುಟ್ಟಿರಬೇಕು. ಆ ಹೆಣ್ಣುಮಗಳು ಮರುದಿನ ಊರಿನಿಂದ ಹೊರಡುವಾಗ, ಜಗಲಿಗೆ ಬಂದಿದ್ದವರಲ್ಲಿ ಒಬ್ಬ ಮುದುಕನ ಕಾಲಿನ ಬಾವನ್ನು ಕಂಡು, ತಾನು ಮಾತ್ರೆ ಬರೆದುಕೊಡದೆ, ತಾಲ್ಲೂಕು ಆಸ್ಪತ್ರೆಯ ವೈದ್ಯರ ಬಳಿಗೆ ತನ್ನ ತಂದೆಯ ಜೊತೆ ಅವನನ್ನು ಕಳುಹಿಸಿಕೊಟ್ಟಳು. ಕಾನೂನು ಮಾಡಬೇಕಾದದ್ದು ಇಷ್ಟೇ: ಆಕೆಯಂತೆ ನಡೆಯುವವರಿಗೆ ಹೆಸರು, ನೋಂದಣಿ, ರಕ್ಷಣೆ ಕೊಡುವುದು, ಹಾಗೆ ನಡೆಯದವರನ್ನು ರೋಗಿಯ ಹಾಸಿಗೆಯಿಂದ ದೂರವಿಡುವುದು.