ಮಕ್ಕಳ ಬಳಿಗೆ ಹೊರಟ ಹಿರಿಯರ ಆರೋಗ್ಯ ವಿಮೆ

ಅಡಿಕೆಯ ಸೀಮೆ ಚನ್ನಗಿರಿ, ತುಂಗಭದ್ರೆಯ ದಡದ ಹೊನ್ನಾಳಿ, ಅದರ ನೆರೆಯ ನ್ಯಾಮತಿ, ಮಳೆಗಾಗಿ ಮುಗಿಲು ನೋಡುವ ಜಗಳೂರು, ಈ ಭಾಗದ ಮನೆಗಳ ಮಕ್ಕಳು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದಿ ಅಮೆರಿಕೆಯಲ್ಲಿ ನೆಲೆಸಿದ್ದುಂಟು. ಅಲ್ಲಿನ ಪೌರತ್ವ ಪಡೆದ ಮಗನೋ ಮಗಳೋ ತಂದೆತಾಯಿಗಳಿಗೆ ‘ಗ್ರೀನ್ ಕಾರ್ಡ್’ ಮಾಡಿಸಿದಾಗ ಹಿರಿಯರು ಕರಡಿಗೆಯಲ್ಲಿನ ಇಷ್ಟಲಿಂಗದೊಡನೆ ಹೊರಡುತ್ತಾರೆ. ಕೈಚೀಲದಲ್ಲಿ ಸಕ್ಕರೆ ಕಾಯಿಲೆಯ, ರಕ್ತದೊತ್ತಡದ ಮಾತ್ರೆಗಳೂ ಇರುತ್ತವೆ. ಅವು ಮುಗಿದ ಮೇಲೇನು ಎಂದು ಕೇಳಿಕೊಂಡು ಹೊರಡುವವರು ವಿರಳ.

ಅರವತ್ತೈದು ತುಂಬಿದವರಿಗೆ ಅಲ್ಲಿ ‘ಮೆಡಿಕೇರ್’ ಎಂಬ ಸರ್ಕಾರಿ ವಿಮೆಯಿದೆ. ಅದರ ಆಸ್ಪತ್ರೆ ಭಾಗಕ್ಕೆ ಕಂತು ಕಟ್ಟದಿರಬೇಕಾದರೆ ತಾನಾಗಲಿ ಬಾಳಸಂಗಾತಿಯಾಗಲಿ ಆ ದೇಶದಲ್ಲಿ ಸುಮಾರು ಹತ್ತು ವರ್ಷ ದುಡಿದು ತೆರಿಗೆ ಸಲ್ಲಿಸಿರಬೇಕು. ಮಗ ಇಪ್ಪತ್ತು ವರ್ಷ ಕಟ್ಟಿದ ತೆರಿಗೆ ತಂದೆಯ ಲೆಕ್ಕಕ್ಕೆ ಸೇರದು. ಕಾಯಕದ ಮಹತ್ವ ಬಲ್ಲ ನಮಗೆ ಈ ನಿಯಮ ಅರ್ಥವಾಗದ್ದೇನಲ್ಲ. ಆದರೆ ಊರಿನ ಹೊಲದಲ್ಲಿ ಅರ್ಧ ಶತಮಾನ ಮಾಡಿದ ಕಾಯಕ ಅಲ್ಲಿ ಎಣಿಕೆಗೆ ಬಾರದೆಂಬುದು ನೋವಿನ ಸಂಗತಿ.

ಇಂಥವರು ಗ್ರೀನ್ ಕಾರ್ಡ್ ಪಡೆದು ಐದು ವರ್ಷ ಸತತವಾಗಿ ಅಲ್ಲಿ ವಾಸಿಸಿದ ಬಳಿಕ ಹಣ ತೆತ್ತು ಸೇರಬಹುದು. 2025ರಲ್ಲಿ ಒಬ್ಬರಿಗೆ ಆಸ್ಪತ್ರೆ ಭಾಗಕ್ಕೆ ತಿಂಗಳಿಗೆ 518 ಡಾಲರ್, ವೈದ್ಯರ ಭಾಗಕ್ಕೆ 185 ಡಾಲರ್ ಇತ್ತು. ಅಡಿಕೆ ಕೊಯ್ಲಿಗೆಂದು ಬಂದು ಊರಲ್ಲೇ ಬಹುಕಾಲ ನಿಂತರೆ ಆ ಐದು ವರ್ಷದ ಎಣಿಕೆಗೂ ಭಂಗ ಬರಬಹುದು. ಬಡವರಿಗಾಗಿ ಇರುವ ‘ಮೆಡಿಕೈಡ್’ ಸಹ 1996ರ ಕಾನೂನಿನಂತೆ ಸಾಮಾನ್ಯವಾಗಿ ಐದು ವರ್ಷ ದೂರವೇ; ಕೆಲವು ರಾಜ್ಯಗಳು ಮಾತ್ರ ಸ್ವಂತ ಹಣದಿಂದ ನೆರವಾಗುತ್ತವೆ.

ಅಲ್ಲಿಯವರೆಗೆ 2010ರ ಕಾನೂನಿನಡಿ ಏರ್ಪಟ್ಟ ವಿಮಾ ಮಾರುಕಟ್ಟೆಯಲ್ಲಿ ಖಾಸಗಿ ವಿಮೆ ಕೊಳ್ಳಬಹುದು. ಹಳೆಯ ಕಾಯಿಲೆಯಿದೆಯೆಂದು ಅಲ್ಲಿ ನಿರಾಕರಿಸುವಂತಿಲ್ಲ. ಆದರೆ ತೀರಾ ಕಡಿಮೆ ಆದಾಯದ ಹೊಸ ವಲಸಿಗರಿಗಿದ್ದ ಸಹಾಯಧನ 2026ರಿಂದ ನಿಂತಿದೆ. ವಿಮೆಯಿಲ್ಲದವರನ್ನೂ ತುರ್ತು ವಿಭಾಗದಲ್ಲಿ ನೋಡುತ್ತಾರೆ ನಿಜ. ಬಿಲ್ಲು ಆಮೇಲೆ ಮನೆಗೆ ಬರುತ್ತದೆ! ಮೊಮ್ಮಗುವಿನ ಬಾಣಂತನಕ್ಕೆಂದು ಪ್ರವಾಸಿ ವೀಸಾದಲ್ಲಿ ಹೋಗುವ ತಾಯಂದಿರಿಗೆ ಮೆಡಿಕೇರ್ ಇಲ್ಲವೇ ಇಲ್ಲ. ಪ್ರವಾಸಿ ವಿಮೆಯೇ ಗತಿ. ಅದು ಹಳೆಯ ಕಾಯಿಲೆಗಳನ್ನು ಬಹುಮಟ್ಟಿಗೆ ಹೊರಗಿಡುತ್ತದೆ.

ಎಪ್ಪತ್ತು ದಾಟಿದವರಿಗೆ 2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ವಿಸ್ತರಿಸಿದ ಆಯುಷ್ಮಾನ್ ಯೋಜನೆಯ ಐದು ಲಕ್ಷ ರೂಪಾಯಿಯ ನೆರವು ಅಲ್ಲಿ ನಡೆಯದು. ಮೆಡಿಕೇರ್ ಸಹ ಇಲ್ಲಿನ ಚಿಕಿತ್ಸೆಗೆ ಸಾಮಾನ್ಯವಾಗಿ ಹಣ ಕೊಡದು.

ಅಲ್ಲಿರುವ ಮಕ್ಕಳಿಗೆ ಒಂದು ಮಾತು. ತಂದೆತಾಯಿಗಳು ಐದು ವರ್ಷ ಮುಗಿಸುವ ತಿಂಗಳನ್ನು ಈಗಲೇ ಬರೆದಿಡಿ. ಅದಕ್ಕೆ ಮೂರು ತಿಂಗಳ ಮುಂಚಿನಿಂದ ಮೂರು ತಿಂಗಳ ಅನಂತರದವರೆಗೆ ಮೆಡಿಕೇರ್ ಅರ್ಜಿಗೆ ಅವಕಾಶ. ತಪ್ಪಿದರೆ ವೈದ್ಯರ ಭಾಗದ ಕಂತಿಗೆ ತಡವಾದ ಪ್ರತಿ ಪೂರ್ಣ ವರ್ಷಕ್ಕೆ ಶೇಕಡಾ 10ರಷ್ಟು ದಂಡ, ಅದೂ ಸಾಮಾನ್ಯವಾಗಿ ಜೀವನಪರ್ಯಂತ.