ಅಪ್ಪಳಿಸುವ, ನುರಿಸುವ, ಕುಸಿಯುವ ಇಂಗ್ಲಿಷ್ ಕ್ರಿಯಾಪದಗಳು

ಇಂಗ್ಲಿಷಿನ ಕ್ರ್ಯಾಶ್, ಸ್ಮ್ಯಾಶ್, ಕ್ರಶ್, ಕ್ರಂಪಲ್, ಕೊಲ್ಯಾಪ್ಸ್ ಎಂಬ ಕ್ರಿಯಾಪದಗಳು ಮೇಲ್ನೋಟಕ್ಕೆ ಒಂದೇ ಅರ್ಥದ ಸುತ್ತ ಸುಳಿಯುವಂತೆ ಕಂಡರೂ, ಬಲ ಎಲ್ಲಿಂದ ಬಂತು, ವಸ್ತು ಏನಾಯಿತು, ಸದ್ದಾಯಿತೇ ಎಂಬ ಪ್ರಶ್ನೆಗಳಿಗೆ ಒಂದೊಂದೂ ಬೇರೆ ಉತ್ತರ ಕೊಡುತ್ತದೆ. ವೇಗವಾಗಿ ಸಾಗುತ್ತಿದ್ದುದು ಇನ್ನೊಂದಕ್ಕೆ ಅಪ್ಪಳಿಸಿ ಭಾರೀ ಸದ್ದು ಮಾಡಿದರೆ ಕ್ರ್ಯಾಶ್. ಏಟಿನ ರಭಸಕ್ಕೆ ವಸ್ತು ನುಚ್ಚುನೂರಾದರೆ ಸ್ಮ್ಯಾಶ್. ಕೊಲ್ಯಾಪ್ಸ್‌ಗೆ ಹೊರಗಿನ ಏಟೇ ಬೇಕಿಲ್ಲ. 'ಒಟ್ಟಾಗಿ ಜಾರಿಬೀಳು' ಎಂಬರ್ಥದ ಲ್ಯಾಟಿನ್ ಮೂಲದಿಂದ ಬಂದ ಈ ಪದ, ಒಳಗಿನ ಆಧಾರ ಸೋತು ಕಟ್ಟಡವೋ ಸರ್ಕಾರವೋ ತಾನಾಗಿ ಕುಸಿಯುವುದನ್ನು ಹೇಳುತ್ತದೆ. ಕ್ರಂಪಲ್ ಎಂದರೆ ಒಡೆಯದೆ ಮುದುಡುವುದು. ಮರ್ಸಿಡಿಸ್-ಬೆಂಜ್‌ನ ಎಂಜಿನಿಯರ್ ಬೇಲಾ ಬರೇನಿ ರೂಪಿಸಿದ, 1959ರಲ್ಲಿ ಕಾರುಗಳಲ್ಲಿ ಬಳಕೆಗೆ ಬಂದ 'ಕ್ರಂಪಲ್ ಜೋನ್' ಈ ಅರ್ಥದ ಮೇಲೆಯೇ ನಿಂತಿದ್ದು, ಕಾರಿನ ಮೂತಿ ಮುದುಡುತ್ತ ಡಿಕ್ಕಿಯ ಬಲವನ್ನು ನುಂಗಿ ಒಳಗಿದ್ದವರನ್ನು ಉಳಿಸುತ್ತದೆ.

ಈ ಪದಗಳ ಧ್ವನಿಯಲ್ಲೇ ಅರ್ಥದ ಛಾಯೆ ಇರುವಂತೆ ತೋರುವುದೂ ಸುಳ್ಳಲ್ಲ. ಕ್ರ್ಯಾಶ್, ಸ್ಮ್ಯಾಶ್, ಬ್ಯಾಶ್, ಕ್ಲ್ಯಾಶ್ ಎಂಬಲ್ಲಿ 'ಆ್ಯಶ್' ಎಂಬ ಕೊನೆಯ ಧ್ವನಿ ಮತ್ತೆ ಮತ್ತೆ ರಭಸದ ಏಟಿನೊಡನೆ ಕಾಣಿಸಿಕೊಳ್ಳುತ್ತದೆ. ಹೀಗೆ ಪದಗಳ ಗುಂಪೊಂದರಲ್ಲಿ ಸಮಾನ ಅರ್ಥದೊಡನೆ ಮರಳಿ ಬರುವ ಧ್ವನಿತುಣುಕನ್ನು ಬ್ರಿಟಿಷ್ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1930ರಲ್ಲಿ 'ಫೋನೆಸ್ತೀಮ್' ಎಂದು ಕರೆದರು. ಆದರೆ ಇದು ಒಲವೇ ಹೊರತು ನಿಯಮವಲ್ಲ, ಏಕೆಂದರೆ ಅದೇ ಧ್ವನಿಯ ಕ್ಯಾಶ್‌ನಲ್ಲಿ ಏನೂ ಒಡೆಯುವುದಿಲ್ಲ. ಕನ್ನಡವಾದರೋ ಇಂಥ ಸದ್ದನ್ನು ಹೆಚ್ಚಾಗಿ ಕ್ರಿಯಾಪದದ ಹೊರಗಿಟ್ಟು, 'ದಢಾರನೆ ಬಿತ್ತು', 'ಪಟ್ಟನೆ ಒಡೆಯಿತು' ಎಂದು ಅನುಕರಣಾವ್ಯಯಗಳಿಗೆ, ಅಂದರೆ ಸದ್ದನ್ನು ಅನುಕರಿಸುವ ಅವ್ಯಯಗಳಿಗೆ, ಒಪ್ಪಿಸುತ್ತದೆ.

ಆ ಐದು ಇಂಗ್ಲಿಷ್ ಕ್ರಿಯಾಪದಗಳಲ್ಲಿ ಹೆಚ್ಚು ಗಮನ ಬೇಡುವುದು ಕ್ರಶ್. ಅದರಲ್ಲಿ ಸದ್ದು ಗೌಣ, ಒತ್ತಡವೇ ಪ್ರಧಾನ. ಸಕ್ಕರೆ ಕಾರ್ಖಾನೆ ಕಬ್ಬು ನುರಿಸುವುದೂ, ಕ್ರಷರ್ ಬಂಡೆಯನ್ನು ಜಲ್ಲಿ ಮಾಡುವುದೂ ಇದೇ ಕ್ರಿಯೆ. ಜನಸಂದಣಿಯ ದುರಂತಗಳಿಗೆ ಈ ಪದವನ್ನು ಬಳಸಿದಾಗ ಅರ್ಥದ ಸೂಕ್ಷ್ಮ ಇನ್ನಷ್ಟು ಗಂಭೀರವಾಗುತ್ತದೆ. ಬೆದರಿದ ದನಗಳ ಹಿಂಡು ದಿಕ್ಕೆಟ್ಟು ಓಡುವುದನ್ನು ನೆನಪಿಸುವ 'ಸ್ಟ್ಯಾಂಪೀಡ್' ಎಂಬ ಪದ ತಪ್ಪನ್ನು ಓಡಿದವರ ಮೇಲೆ ಹೊರಿಸುವಂತಿದ್ದರೆ, 'ಕ್ರೌಡ್ ಕ್ರಶ್' ಎಂಬುದು ಇಕ್ಕಟ್ಟಾದ ಜಾಗವನ್ನೂ ಅದರ ನಿರ್ವಹಣೆಯನ್ನೂ ಬೊಟ್ಟುಮಾಡುತ್ತದೆ. ಇಂಥ ಕಡೆ ಅನೇಕರು ಓಡುವುದಿರಲಿ, ಕದಲಲೂ ಆಗದೆ, ನಾಲ್ಕೂ ಕಡೆಯ ಒತ್ತಡಕ್ಕೆ ಎದೆಗೂಡು ಹಿಗ್ಗಲಾರದೆ, ನಿಂತಲ್ಲೇ ಉಸಿರುಕಟ್ಟಿ ಸಾಯುತ್ತಾರೆ. ಕನ್ನಡ ಪತ್ರಿಕೆಗಳು ಎರಡಕ್ಕೂ ಬಳಸುವ 'ಕಾಲ್ತುಳಿತ' ಕೆಳಗೆ ಬಿದ್ದವರನ್ನಷ್ಟೇ ಕಾಣಿಸುತ್ತದೆ. 'ನೂಕುನುಗ್ಗಲು' ಮತ್ತೆ ನೂಕಿದವರತ್ತಲೇ ತಿರುಗುತ್ತದೆ. ಇಂಗ್ಲೆಂಡಿನ ಶೆಫೀಲ್ಡ್‌ನ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ 1989ರ ಏಪ್ರಿಲ್ 15ರಂದು ನಡೆದು 97 ಜನರನ್ನು ಬಲಿ ತೆಗೆದುಕೊಂಡ ಇಂಥದೇ ದುರಂತಕ್ಕೂ ಆರಂಭದಲ್ಲಿ ಫುಟ್‌ಬಾಲ್ ಅಭಿಮಾನಿಗಳನ್ನೇ ದೂರಲಾಗಿತ್ತು. ಅವರ ವರ್ತನೆ ಅದಕ್ಕೆ ಕಾರಣವಲ್ಲವೆಂದು ವಿಚಾರಣೆಯ ಜ್ಯೂರಿ ತೀರ್ಮಾನಿಸಿದ್ದು 2016ರಲ್ಲಿ.